ಎಪ್ಪತ್ತೇಳು ವರ್ಷ ತಡವಾಗಿ ಬಂದ ಸರಾಸರಿ

ಲೆಕ್ಕವನ್ನು ಬೇಸ್‌ಬಾಲ್‌ನಷ್ಟು ಶ್ರದ್ಧೆಯಿಂದ ಬರೆದಿಟ್ಟುಕೊಂಡ ಆಟ ಜಗತ್ತಿನಲ್ಲಿ ಇನ್ನೊಂದಿರಲಾರದು. ಹತ್ತೊಂಬತ್ತನೆಯ ಶತಮಾನದ ಪಂದ್ಯಗಳ ವಿವರವೂ ಅಲ್ಲಿನವರ ಬಾಯಲ್ಲಿ ನಿನ್ನೆ ಮೊನ್ನೆಯದೆಂಬಂತೆ ಬರುತ್ತದೆ. ಅಂಥ ದಾಖಲೆ ಪುಸ್ತಕದ ಅತ್ಯಂತ ಗೌರವದ ಪಟ್ಟಿಯಲ್ಲಿ 2024ರ ಮೇ ತಿಂಗಳ ಕೊನೆಗೆ ಮೊದಲ ಹೆಸರೇ ಬದಲಾಯಿತು. 1928ರಲ್ಲಿ ಆಟದಿಂದ ನಿವೃತ್ತನಾದ ದಿನದಿಂದಲೂ ವೃತ್ತಿಜೀವನದ ಬ್ಯಾಟಿಂಗ್ ಸರಾಸರಿಯಲ್ಲಿ ಅಗ್ರಸ್ಥಾನದಲ್ಲಿದ್ದ ಟೈ ಕಾಬ್ ಒಂದು ಮೆಟ್ಟಿಲು ಕೆಳಗಿಳಿದ. ಕಾಬ್‌ನ ಸರಾಸರಿ 0.367. ಅವನ ಮೇಲೆ ಬಂದು ಕೂತವನದು 0.372. ಆ ಹೊಸ ಅಗ್ರಗಣ್ಯ ತೀರಿಕೊಂಡು ಆಗಲೇ ಎಪ್ಪತ್ತೇಳು ವರ್ಷಗಳಾಗಿದ್ದವು. ಅವನು ಮೇಜರ್ ಲೀಗ್ ಎಂದು ಕರೆಯಲಾಗುತ್ತಿದ್ದ ಆ ಅಂಗಳಕ್ಕೆ ಆಟಗಾರನಾಗಿ ಒಂದು ದಿನವೂ ಕಾಲಿಟ್ಟಿರಲಿಲ್ಲ. ಅವನ ಹೆಸರು ಜಾಶ್ ಗಿಬ್ಸನ್.

ಇದನ್ನು ಕಾಲ ತಿದ್ದಿದ ಅನ್ಯಾಯ ಎಂದು ಕೆಲವರು ಸಂಭ್ರಮಿಸಿದರು. ಇತಿಹಾಸಕ್ಕೆ ಬಳಿದ ಸುಣ್ಣ ಎಂದು ಕೆಲವರು ಮೂಗುಮುರಿದರು. ನನಗೆ ಎರಡೂ ಆತುರದ ಮಾತುಗಳಾಗಿ ಕಾಣುತ್ತವೆ. ಬ್ರಾಡ್ಮನ್‌ನ 99.94ನ್ನು ಮಗ್ಗಿಯಂತೆ ಕಂಠಪಾಠ ಮಾಡಿಕೊಂಡು ಬೆಳೆದ ಪೀಳಿಗೆಗೆ ಸೇರಿದವನು ನಾನು. ಅಂಕಿಗಳಿಗೆ ಪಕ್ಷಪಾತ ಗೊತ್ತಿಲ್ಲ ಎಂಬ ನಂಬಿಕೆ ನಮ್ಮಂಥವರಲ್ಲಿ ಆಳವಾಗಿ ಬೇರೂರಿದೆ. ಅಂಕಿಗೆ ಪಕ್ಷಪಾತವಿರಲಾರದು, ನಿಜ. ಆದರೆ ಯಾರನ್ನು ಎಣಿಸಬೇಕು, ಯಾರನ್ನು ಬಿಡಬೇಕು ಎಂದು ನಿರ್ಧರಿಸುವವರು ಮನುಷ್ಯರೇ. ಗಿಬ್ಸನ್‌ನ ಬದುಕು ಈ ಮಾತಿಗೆ ನನಗೆ ತಿಳಿದಿರುವ ಅತ್ಯಂತ ಸ್ಪಷ್ಟವಾದ ಉದಾಹರಣೆ.

ಬೇಸ್‌ಬಾಲ್ ಪರಿಚಯವಿಲ್ಲದವರಿಗೆ ಒಂದೆರಡು ಮಾತು. ಅಲ್ಲಿ ಬ್ಯಾಟಿಂಗ್ ಸರಾಸರಿ ಎಂದರೆ ಕ್ರಿಕೆಟ್‌ನಲ್ಲಿರುವಂತೆ ರನ್ನುಗಳ ಲೆಕ್ಕವಲ್ಲ. ಎಷ್ಟು ಸರದಿಗಳಲ್ಲಿ ಎಷ್ಟು ಬಾರಿ ಚೆಂಡನ್ನು ಸರಿಯಾಗಿ ಹೊಡೆದು ಸುರಕ್ಷಿತವಾಗಿ ಬೇಸ್ ತಲುಪಿದ ಎಂಬುದರ ಅನುಪಾತ. ಹತ್ತರಲ್ಲಿ ಮೂರು ಬಾರಿ ಗೆದ್ದವನು, ಅಂದರೆ 0.300 ಸರಾಸರಿಯವನು, ಬಲು ಒಳ್ಳೆಯ ಆಟಗಾರ. ಹೊಡೆತದ ಬಲವನ್ನು ಅಳೆಯುವ ಇನ್ನೊಂದು ಅಂಕಿ ಸ್ಲಗಿಂಗ್. ಒಂದು ಬೇಸಿನ ಹೊಡೆತಕ್ಕೆ ಒಂದು, ಚೆಂಡು ಬೇಲಿ ದಾಟುವ ಹೋಂ ರನ್‌ಗೆ ನಾಲ್ಕು ಎಂದು ಎಣಿಸಿ, ಸರದಿಗಳ ಸಂಖ್ಯೆಯಿಂದ ಭಾಗಿಸಿದರೆ ಅದು ಸಿಗುತ್ತದೆ. ಅಮೆರಿಕದ ಜನಮನದಲ್ಲಿ ದಂತಕಥೆಯಾಗಿರುವ ಬೇಬ್ ರೂತ್‌ನ ಸ್ಲಗಿಂಗ್ 0.690. ಅದನ್ನು ಮೀರುವವರು ಹುಟ್ಟಲಾರರು ಎಂದೇ ಜನ ನಂಬಿದ್ದರು. ಪರಿಷ್ಕೃತ ಪಟ್ಟಿಯಲ್ಲಿ ಗಿಬ್ಸನ್‌ನದು 0.718.

ಗಿಬ್ಸನ್ ಹುಟ್ಟಿದ್ದು 1911ರ ಡಿಸೆಂಬರ್ 21ರಂದು, ಜಾರ್ಜಿಯಾ ರಾಜ್ಯದ ಬ್ಯುನಾ ವಿಸ್ಟಾ ಎಂಬ ಊರಿನಲ್ಲಿ. ಅದು ಹತ್ತಿಯ ಹೊಲಗಳ ಸೀಮೆ. ಗುಲಾಮಗಿರಿ ಕಾನೂನಿನಲ್ಲಿ ಅಳಿದಿದ್ದರೂ ಬದುಕಿನಲ್ಲಿ ಅಳಿಯದೆ ಉಳಿದಿದ್ದ ನೆಲ. ದಕ್ಷಿಣದ ಲಕ್ಷಾಂತರ ಕಪ್ಪು ಜನರಂತೆ ಅವನ ತಂದೆಯೂ ಉತ್ತರದ ಕೈಗಾರಿಕಾ ನಗರಗಳ ಹಾದಿ ಹಿಡಿದು, ಪಿಟ್ಸ್‌ಬರ್ಗ್‌ನ ಉಕ್ಕಿನ ಕಾರ್ಖಾನೆಯಲ್ಲಿ ಕೂಲಿಗೆ ಸೇರಿದ. ಕೆಲಕಾಲದ ನಂತರ ಸಂಸಾರವೂ ಹಿಂಬಾಲಿಸಿತು. ಹುಡುಗ ಜಾಶ್ ವಿದ್ಯುತ್ ಕೆಲಸ ಕಲಿಯಲು ಶಾಲೆಗೆ ಸೇರಿ, ನಡುವೆಯೇ ಬಿಟ್ಟು, ಕೂಲಿ ಕೆಲಸಗಳಿಗೆ ಇಳಿದ. ಬಿಡುವಿನಲ್ಲಿ ಆಡುತ್ತಿದ್ದ ಬೇಸ್‌ಬಾಲ್‌ನಲ್ಲಿ ಅವನ ಹೊಡೆತದ ಸದ್ದು ಬೇಗನೆ ಊರಿನ ಗಮನ ಸೆಳೆಯಿತು.

1930ರಲ್ಲಿ, ಹದಿನೆಂಟರ ಹರೆಯದಲ್ಲಿ, ಅವನು ಹೋಂಸ್ಟೆಡ್ ಗ್ರೇಸ್ ಎಂಬ ಹೆಸರಾಂತ ಕಪ್ಪು ತಂಡವನ್ನು ಸೇರಿದ. ತಂಡದ ಕ್ಯಾಚರ್‌ನ ಬೆರಳಿಗೆ ಪೆಟ್ಟು ಬಿದ್ದಾಗ ಪ್ರೇಕ್ಷಕರ ನಡುವೆ ಕೂತಿದ್ದ ಗಿಬ್ಸನ್‌ನನ್ನು ಕರೆದು ಆಡಿಸಿದರು ಎಂಬ ಕಥೆಯಿದೆ. ಅವನ ಬಗ್ಗೆ ಹುಟ್ಟಿಕೊಂಡ ಅನೇಕ ಕಥೆಗಳಂತೆ ಇದೂ ಎಷ್ಟು ನಿಜ ಎಂಬ ಚರ್ಚೆ ಇನ್ನೂ ನಿಂತಿಲ್ಲ. ಚರ್ಚೆಗೆ ಆಸ್ಪದವಿಲ್ಲದ ಸಂಗತಿಯೊಂದು ಅದೇ ಬೇಸಗೆಯಲ್ಲಿ ನಡೆಯಿತು. ಅವನ ಎಳೆಯ ಪತ್ನಿ ಹೆಲೆನ್ ಅವಳಿ ಮಕ್ಕಳಿಗೆ ಜನ್ಮವಿತ್ತು ಕಣ್ಮುಚ್ಚಿದಳು. ಮಕ್ಕಳನ್ನು ಅಜ್ಜಿಯ ಮನೆಯಲ್ಲಿ ಬಿಟ್ಟು ಅವನು ತಂಡದೊಡನೆ ಊರೂರು ತಿರುಗಬೇಕಾಯಿತು.

ಕಪ್ಪು ತಂಡಗಳು ಏಕಿದ್ದವು ಎಂಬುದನ್ನು ಹೇಳದೆ ಮುಂದಕ್ಕೆ ಹೋಗುವಂತಿಲ್ಲ. 1884ರಲ್ಲಿ ಮೋಸೆಸ್ ಫ್ಲೀಟ್‌ವುಡ್ ವಾಕರ್ ಎಂಬ ಕಪ್ಪು ಆಟಗಾರ ಮೇಜರ್ ಲೀಗ್‌ನಲ್ಲಿ ಆಡಿದ್ದ. ಆಮೇಲೆ ಬಾಗಿಲು ಮುಚ್ಚಿತು. ಕಪ್ಪು ಜನರನ್ನು ಸೇರಿಸಿಕೊಳ್ಳಬಾರದೆಂದು ಯಾವ ನಿಯಮಾವಳಿಯಲ್ಲೂ ಬರೆದಿರಲಿಲ್ಲ. ಮಾಲೀಕರ ನಡುವಿನ ಮೌನ ಒಪ್ಪಂದವೇ ಸಾಕಾಗಿತ್ತು. 1920ರಿಂದ 1944ರ ತನಕ ಆಟದ ಪರಮಾಧಿಕಾರಿಯಾಗಿದ್ದ ನ್ಯಾಯಾಧೀಶ ಕೆನೆಸಾ ಮೌಂಟನ್ ಲ್ಯಾಂಡಿಸ್, ಅಂಥ ನಿಯಮ ಯಾವುದೂ ಇಲ್ಲವೆಂದು 1942ರಲ್ಲಿ ಬಹಿರಂಗವಾಗಿಯೇ ಸಾರಿದ. ಆದರೂ ಅವನ ಅಧಿಕಾರಾವಧಿ ಮುಗಿಯುವವರೆಗೆ ಕಪ್ಪು ಆಟಗಾರನೊಬ್ಬನಿಗೂ ಅವಕಾಶ ಸಿಗಲಿಲ್ಲ. ಬರೆಯದ ಕಟ್ಟಳೆ ಬರೆದ ಕಾನೂನಿಗಿಂತ ಗಟ್ಟಿ ಎಂಬುದನ್ನು ಜಾತಿಯ ಸಮಾಜದಲ್ಲಿ ಬದುಕುವ ನಮಗೆ ಯಾರೂ ವಿವರಿಸಿ ಹೇಳಬೇಕಾಗಿಲ್ಲ.

ಹಾಗಾಗಿ 1920ರಿಂದ ಕಪ್ಪು ಉದ್ಯಮಿಗಳು ತಮ್ಮದೇ ಲೀಗ್‌ಗಳನ್ನು ಕಟ್ಟಿದರು. ಆಗಿನ ಕಾಲದ ಶಬ್ದದಲ್ಲೇ ಅವನ್ನು ಇಂದಿಗೂ ನೀಗ್ರೊ ಲೀಗ್ ಎನ್ನುತ್ತಾರೆ. ಗಿಬ್ಸನ್ 1932ರಿಂದ ಐದು ವರ್ಷ ಪಿಟ್ಸ್‌ಬರ್ಗ್ ಕ್ರಾಫರ್ಡ್ಸ್ ತಂಡದಲ್ಲಿದ್ದ. ಆ ತಂಡದಲ್ಲಿ ಅವನ ಜತೆಗೆ ಸ್ಯಾಚೆಲ್ ಪೇಜ್, ಆಸ್ಕರ್ ಚಾರ್ಲ್ಸ್‌ಟನ್, ಕೂಲ್ ಪಾಪಾ ಬೆಲ್, ಜೂಡಿ ಜಾನ್ಸನ್ ಆಡಿದರು. ಈ ಐವರೂ ಮುಂದೆ ಬೇಸ್‌ಬಾಲ್‌ನ ಹಾಲ್ ಆಫ್ ಫೇಮ್ ಸೇರಿದವರು. 1937ರಲ್ಲಿ ಗ್ರೇಸ್ ತಂಡಕ್ಕೆ ಮರಳಿದ ಗಿಬ್ಸನ್, ಬಕ್ ಲೆನರ್ಡ್ ಜೊತೆಗೂಡಿ ಎದುರಾಳಿ ಪಿಚರ್‌ಗಳ ನಿದ್ದೆಗೆಡಿಸಿದ. ಲೀಗ್ ಪಂದ್ಯಗಳು ಕಡಿಮೆ, ಬಸ್ಸಿನ ಪ್ರಯಾಣ ಅಪಾರ. ಹೊಟ್ಟೆಪಾಡಿಗಾಗಿ ಸಣ್ಣಪುಟ್ಟ ಊರುಗಳ ತಂಡಗಳೊಡನೆ ಪ್ರದರ್ಶನ ಪಂದ್ಯಗಳನ್ನಾಡಬೇಕು. ದಾರಿಯಲ್ಲಿ ಊಟ ಕೊಡುವ ಹೋಟೆಲು, ಮಲಗಲು ಕೋಣೆ ಸಿಕ್ಕರೆ ಅದೃಷ್ಟ.

ಅವನ ಹೋಂ ರನ್‌ಗಳ ಲೆಕ್ಕದಲ್ಲಿ ಗೊಂದಲ ಹುಟ್ಟಿದ್ದು ಇಲ್ಲಿಯೇ. ಹಾಲ್ ಆಫ್ ಫೇಮ್‌ನಲ್ಲಿರುವ ಅವನ ಫಲಕ ಸುಮಾರು ಎಂಟುನೂರು ಹೋಂ ರನ್‌ಗಳನ್ನು ಹೇಳುತ್ತದೆ. ಅಧಿಕೃತ ಪಟ್ಟಿಯಲ್ಲಿ ಇರುವುದು ಇನ್ನೂರಕ್ಕೂ ಕಡಿಮೆ. ಎರಡೂ ಸುಳ್ಳಲ್ಲ. ಮೊದಲನೆಯದು ಅವನು ದುಡಿದ ದುಡಿಮೆಯೆಲ್ಲದರ ಲೆಕ್ಕ; ಎರಡನೆಯದು ಲೀಗ್ ಪಂದ್ಯಗಳಲ್ಲಿ, ಪತ್ರಿಕೆಗಳ ಸ್ಕೋರ್ ಪಟ್ಟಿಯ ಆಧಾರ ದೊರೆತವುಗಳ ಲೆಕ್ಕ. ಆದ್ದರಿಂದ ರೂತ್‌ನ 714ರ ಪಕ್ಕದಲ್ಲಿ ಗಿಬ್ಸನ್‌ನ ಹೋಂ ರನ್ ಸಂಖ್ಯೆಯನ್ನಿಟ್ಟು ಹೋಲಿಸುವುದರಲ್ಲಿ ಅರ್ಥವಿಲ್ಲ. ಒಟ್ಟು ಮೊತ್ತಗಳನ್ನು ಬೆಳೆಸಲು ಅವಕಾಶ ಬೇಕು. ಸರಾಸರಿಗಳು ಮಾತ್ರ ಸಿಕ್ಕ ಅವಕಾಶದಲ್ಲಿ ಏನು ಮಾಡಿದ ಎಂಬುದನ್ನು ಹೇಳಬಲ್ಲವು.

ಸರಾಸರಿಗಳನ್ನೇ ನೋಡೋಣ. ಅವನ ಕಾಲದ ಬಿಳಿಯ ದಿಗ್ಗಜರಲ್ಲಿ ಲೂ ಗೆರಿಗ್‌ನ ಬ್ಯಾಟಿಂಗ್ ಸರಾಸರಿ 0.340, ಸ್ಲಗಿಂಗ್ 0.632. ಜಿಮ್ಮಿ ಫಾಕ್ಸ್‌ನದು 0.325 ಮತ್ತು 0.609. ಟೆಡ್ ವಿಲಿಯಮ್ಸ್‌ನದು 0.344 ಮತ್ತು 0.634. ಇವರಲ್ಲಿ ಯಾರೂ ಗಿಬ್ಸನ್‌ನ 0.372 ಮತ್ತು 0.718ರ ಹತ್ತಿರ ಸುಳಿಯುವುದಿಲ್ಲ. ಇವರು ಯಾರೂ ಅವನಂತೆ ಕ್ಯಾಚರ್ ಕೆಲಸವನ್ನೇ ನೆಚ್ಚಿ ಬದುಕಿದವರೂ ಅಲ್ಲ. ಕ್ಯಾಚರ್ ಎಂದರೆ ನಮ್ಮ ವಿಕೆಟ್‌ಕೀಪರ್‌ನ ಸೋದರ. ಬ್ಯಾಟ್ಸ್‌ಮನ್ನನ ಹಿಂದೆ ಕುಕ್ಕುರುಗಾಲಲ್ಲಿ ಕೂತು, ಮುಖಕ್ಕೆ ಕವಚ ತೊಟ್ಟು, ಪ್ರತಿ ಎಸೆತವನ್ನೂ ಹಿಡಿಯಬೇಕು. ಮಂಡಿ ಸವೆಯುತ್ತದೆ, ಬೆರಳು ಮುರಿಯುತ್ತದೆ. ಆದ್ದರಿಂದಲೇ ಕ್ಯಾಚರ್‌ಗಳಿಂದ ಯಾರೂ ಬ್ಯಾಟಿಂಗ್ ಪವಾಡಗಳನ್ನು ನಿರೀಕ್ಷಿಸುವುದಿಲ್ಲ. ಅದೇ ಕಾಲದ ಶ್ರೇಷ್ಠ ಬಿಳಿಯ ಕ್ಯಾಚರ್‌ಗಳ ಸರಾಸರಿ ಹೀಗಿದೆ: ಮಿಕಿ ಕಾಕ್ರನ್ 0.320, ಬಿಲ್ ಡಿಕಿ 0.313, ಗ್ಯಾಬಿ ಹಾರ್ಟ್ನೆಟ್ 0.297. ಮೂವರೂ ಮಹಾನ್ ಆಟಗಾರರೇ. ಮೂವರ ಸ್ಲಗಿಂಗೂ 0.500ರ ಒಳಗೇ ಉಳಿಯಿತು.

ಗಿಬ್ಸನ್‌ನನ್ನು ಜನ ಕಪ್ಪು ಬೇಬ್ ರೂತ್ ಎಂದು ಕರೆಯುತ್ತಿದ್ದರು. ಕ್ರಿಕೆಟ್ ಬಲ್ಲವರಿಗೆ ವೆಸ್ಟ್ ಇಂಡೀಸ್‌ನ ಜಾರ್ಜ್ ಹೆಡ್ಲಿ ನೆನಪಾಗಬೇಕು. ಅವನಿಗೂ ಕಪ್ಪು ಬ್ರಾಡ್ಮನ್ ಎಂಬ ಬಿರುದಿತ್ತು. ಆದರೆ ಒಂದು ವ್ಯತ್ಯಾಸವಿದೆ. ಹೆಡ್ಲಿ 22 ಟೆಸ್ಟ್‌ಗಳಲ್ಲಿ ಗಳಿಸಿದ 60.83ರ ಸರಾಸರಿ ಬ್ರಾಡ್ಮನ್‌ನ ಸರಾಸರಿ ಇರುವ ಪುಸ್ತಕದಲ್ಲೇ ಅಚ್ಚಾಯಿತು. ಅವನ ಸಾಮರ್ಥ್ಯವನ್ನು ಯಾರು ಬೇಕಾದರೂ ತಾಳೆ ನೋಡಬಹುದಿತ್ತು. ಗಿಬ್ಸನ್‌ಗೆ ಬಿರುದು ಮಾತ್ರ ಸಿಕ್ಕಿತು, ಪುಟ ಸಿಗಲಿಲ್ಲ.

ಈ ಕುರುಡುತನದ ಬೆಲೆಯನ್ನು ಬಿಳಿಯರೂ ತೆತ್ತರು. 1937ರ ಡಿಸೆಂಬರ್‌ನಲ್ಲಿ ಪಿಟ್ಸ್‌ಬರ್ಗ್ ಕೊರಿಯರ್ ಎಂಬ ಕಪ್ಪು ಜನರ ವಾರಪತ್ರಿಕೆಯ ಕ್ರೀಡಾ ವರದಿಗಾರ ಚೆಸ್ಟರ್ ವಾಷಿಂಗ್ಟನ್, ಅದೇ ನಗರದ ಮೇಜರ್ ಲೀಗ್ ತಂಡವಾದ ಪೈರೇಟ್ಸ್‌ನ ಮ್ಯಾನೇಜರ್ ಪೈ ಟ್ರೇನರ್‌ಗೆ ತಂತಿ ಕಳಿಸಿದ. ಗಿಬ್ಸನ್, ಲೆನರ್ಡ್, ಪೇಜ್, ಬೆಲ್ ಮೊದಲಾದವರು ಕೈಗೆಟಕುವ ದೂರದಲ್ಲಿದ್ದಾರೆ, ಕರೆದುಕೊಂಡರೆ ಚಾಂಪಿಯನ್‌ಶಿಪ್ ನಿಮ್ಮದೇ ಎಂಬುದು ಅದರ ಸಾರ. ಉತ್ತರ ಬರಲಿಲ್ಲ. ಮರುವರ್ಷ ಪೈರೇಟ್ಸ್ ಕೇವಲ ಎರಡು ಪಂದ್ಯಗಳ ಅಂತರದಲ್ಲಿ ಲೀಗ್ ಪ್ರಶಸ್ತಿಯನ್ನು ಕಳೆದುಕೊಂಡಿತು. ಸೆಪ್ಟೆಂಬರ್ ಕೊನೆಯ ಒಂದು ಸಂಜೆ, ಕತ್ತಲು ಕವಿಯುತ್ತಿದ್ದಂತೆ ಶಿಕಾಗೊ ಕಬ್ಸ್ ತಂಡದ ಆಟಗಾರನೊಬ್ಬ ಹೊಡೆದ ಹೋಂ ರನ್ ಅವರ ಆಸೆಯನ್ನು ಮುರಿಯಿತು. ಹೊಡೆದವನು ಮೇಲೆ ಹೇಳಿದ ಗ್ಯಾಬಿ ಹಾರ್ಟ್ನೆಟ್, ಒಬ್ಬ ಕ್ಯಾಚರ್. ಅವನಿಗಿಂತ ದೊಡ್ಡ ಕ್ಯಾಚರ್ ಪೈರೇಟ್ಸ್‌ನ ಊರಿನಲ್ಲೇ, ಅವರ ಮೈದಾನವಾದ ಫೋರ್ಬ್ಸ್ ಫೀಲ್ಡ್‌ನಲ್ಲೇ, ಗ್ರೇಸ್ ತಂಡದ ಅಂಗಿ ತೊಟ್ಟು ಆಡುತ್ತಿದ್ದ.

1940 ಮತ್ತು 41ರ ಹೆಚ್ಚಿನ ಕಾಲವನ್ನು ಗಿಬ್ಸನ್ ವೆನೆಜುವೆಲಾ, ಮೆಕ್ಸಿಕೊಗಳಲ್ಲಿ ಕಳೆದ. ಅಲ್ಲಿ ಸಂಬಳ ಹೆಚ್ಚು. ಹೋಟೆಲಿನ ಮುಂಬಾಗಿಲಿನಿಂದಲೇ ಒಳಗೆ ಹೋಗಬಹುದಾಗಿತ್ತು. ಹೀಗೆ ಅವನ ದೇಹ ಅತ್ಯಂತ ಬಲವಾಗಿದ್ದ ದಿನಗಳ ಆಟ ಅಮೆರಿಕದ ಅಧಿಕೃತ ಲೆಕ್ಕಕ್ಕೆ ಬಹುಪಾಲು ಸೇರಿಲ್ಲ. ಮರಳಿ ಬಂದ ಕೆಲವೇ ತಿಂಗಳಲ್ಲಿ ಅವನ ಆರೋಗ್ಯ ಕುಸಿಯತೊಡಗಿತು. 1943ರ ಹೊಸ ವರ್ಷದ ದಿನ ಪ್ರಜ್ಞೆ ತಪ್ಪಿ ಬಿದ್ದು ಆಸ್ಪತ್ರೆ ಸೇರಿದ. ಮೆದುಳಿನಲ್ಲಿ ಗಡ್ಡೆಯಿರುವುದು ತಿಳಿಯಿತು. ಶಸ್ತ್ರಚಿಕಿತ್ಸೆಗೆ ಅವನು ಒಪ್ಪಲಿಲ್ಲ ಎನ್ನುತ್ತಾರೆ. ತಲೆನೋವು, ಕುಡಿತ, ಮನಸ್ಸಿನ ಅಸ್ವಾಸ್ಥ್ಯ ಒಂದನ್ನೊಂದು ಹಿಂಬಾಲಿಸಿದವು. ಆ ವರ್ಷ ಅವನನ್ನು ವಾಷಿಂಗ್ಟನ್ನಿನ ಮಾನಸಿಕ ಆಸ್ಪತ್ರೆಗೂ ಸೇರಿಸಬೇಕಾಯಿತು. ಆಸ್ಪತ್ರೆಯಿಂದ ಬಂದು ಪಂದ್ಯವಾಡಿ ಮತ್ತೆ ಅಲ್ಲಿಗೇ ಹಿಂದಿರುಗಿದ ದಿನಗಳಿದ್ದವು.

ಈಗ ದಾಖಲೆ ಪುಸ್ತಕದಲ್ಲಿ 1943ನೆಯ ಇಸವಿಯ ಸಾಲನ್ನು ನೋಡಬೇಕು. ಗಿಬ್ಸನ್‌ನ ಸರಾಸರಿ 0.466. ಒಂದು ಋತುವಿನಲ್ಲಿ ಯಾರೂ ಗಳಿಸದ ಸರಾಸರಿ ಎಂದು 2024ರಲ್ಲಿ ಅದಕ್ಕೆ ಮನ್ನಣೆ ಸಿಕ್ಕಿತು. 1894ರಿಂದ ನಿಂತಿದ್ದ ಹ್ಯೂ ಡಫಿಯ 0.440 ಹಿಂದೆ ಸರಿಯಿತು. ಅಂಕಿಯ ಸಾಲು ಅಷ್ಟನ್ನೇ ಹೇಳಿ ಸುಮ್ಮನಾಗುತ್ತದೆ. ಆಡಿದವನ ತಲೆಯೊಳಗೆ ಏನು ಬೆಳೆಯುತ್ತಿತ್ತು, ಪಂದ್ಯ ಮುಗಿದ ಮೇಲೆ ಅವನು ಎಲ್ಲಿಗೆ ಹೋಗುತ್ತಿದ್ದ ಎಂಬುದಕ್ಕೆ ಅಲ್ಲಿ ಅಂಕಣವಿಲ್ಲ.

1945ರ ಅಕ್ಟೋಬರ್‌ನಲ್ಲಿ ಬ್ರೂಕ್ಲಿನ್ ಡಾಡ್ಜರ್ಸ್‌ನ ಬ್ರಾಂಚ್ ರಿಕಿ ಕಪ್ಪು ಆಟಗಾರನೊಬ್ಬನನ್ನು ಆರಿಸಿಕೊಂಡ ಸುದ್ದಿ ಬಂತು. ಆಯ್ಕೆಯಾದವನು ಗಿಬ್ಸನ್‌ಗಿಂತ ಏಳು ವರ್ಷ ಕಿರಿಯನಾದ ಜಾಕಿ ರಾಬಿನ್ಸನ್. ರಿಕಿಯ ಆಯ್ಕೆ ಸರಿಯಾಗಿಯೇ ಇತ್ತು. ಮೊದಲಿಗನಾಗಲು ಬೇಕಾದ ಕಸುವು ರಾಬಿನ್ಸನ್‌ನಲ್ಲಿತ್ತು. ಆ ವೇಳೆಗೆ ಗಿಬ್ಸನ್‌ನ ಮಂಡಿಗಳು ಸೋತಿದ್ದವು, ಬದುಕು ಕೈತಪ್ಪುತ್ತಿತ್ತು. 1947ರ ಜನವರಿ 20ರಂದು, ಮೂವತ್ತೈದರ ವಯಸ್ಸಿನಲ್ಲಿ, ಪಿಟ್ಸ್‌ಬರ್ಗ್‌ನಲ್ಲಿ ಅವನು ಪಾರ್ಶ್ವವಾಯುವಿನಿಂದ ತೀರಿಕೊಂಡ. ಏಪ್ರಿಲ್ 15ರಂದು ರಾಬಿನ್ಸನ್ ಬ್ರೂಕ್ಲಿನ್ ಪರವಾಗಿ ಮೈದಾನಕ್ಕಿಳಿದ. ನಡುವೆ ಮೂರು ತಿಂಗಳೂ ಇರಲಿಲ್ಲ.

ಅದೇ ಜನವರಿಯ ಇನ್ನೊಂದು ಸಂಗತಿ ನನ್ನನ್ನು ಹೆಚ್ಚು ಕಾಡುತ್ತದೆ. ಗಿಬ್ಸನ್ ಹುಟ್ಟಿದ 1911ರಲ್ಲೇ ಹುಟ್ಟಿದ ಹ್ಯಾಂಕ್ ಗ್ರೀನ್‌ಬರ್ಗ್ ಎಂಬ ಮಹಾನ್ ಹೊಡೆತಗಾರನಿದ್ದ. 1938ರಲ್ಲಿ 58 ಹೋಂ ರನ್ ಹೊಡೆದವನು. ಯಹೂದಿಯೆಂಬ ಕಾರಣಕ್ಕೆ ಪ್ರೇಕ್ಷಕರಿಂದ, ಎದುರಾಳಿಗಳಿಂದ ಬೈಗುಳ ತಿಂದವನು. ಆದರೆ ಅವನಿಗೆ ಮೈದಾನದ ಬಾಗಿಲು ತೆರೆದಿತ್ತು. ವಯಸ್ಸಾದ ಅವನನ್ನು ಡೆಟ್ರಾಯಿಟ್ ತಂಡದಿಂದ ದೊಡ್ಡ ಬೆಲೆ ಕೊಟ್ಟು ಪೈರೇಟ್ಸ್ ಕೊಂಡುಕೊಂಡಿದ್ದು ಗಿಬ್ಸನ್ ಸತ್ತ ಆ ತಿಂಗಳಲ್ಲೇ. ಒಂದೇ ವರ್ಷ ಹುಟ್ಟಿದ ಇಬ್ಬರು. ಒಬ್ಬ ಪಿಟ್ಸ್‌ಬರ್ಗ್‌ಗೆ ಆಡಲು ಬರುತ್ತಿದ್ದ. ಇನ್ನೊಬ್ಬನನ್ನು ಅದೇ ಊರಿನ ಅಲಿಘೆನಿ ಸ್ಮಶಾನದಲ್ಲಿ ಹೂಳಲಾಯಿತು. ಆ ಗೋರಿಗೆ ಹೆಸರು ಬರೆದ ಕಲ್ಲು ಬಂದದ್ದು 1975ರಲ್ಲಿ. ಅದಕ್ಕೆ ಮೂರು ವರ್ಷ ಮೊದಲೇ, 1972ರಲ್ಲಿ, ಅವನು ಹಾಲ್ ಆಫ್ ಫೇಮ್ ಸೇರಿಯಾಗಿತ್ತು. ಇದರ ಹಿಂದೆ ಟೆಡ್ ವಿಲಿಯಮ್ಸ್‌ನ ಪಾತ್ರವನ್ನು ಮರೆಯುವಂತಿಲ್ಲ. 1966ರಲ್ಲಿ ತಾನು ಅಲ್ಲಿ ಸನ್ಮಾನಿತನಾದಾಗ, ಪೇಜ್ ಮತ್ತು ಗಿಬ್ಸನ್ ಅವರಂಥವರಿಗೆ ಆಡಲು ಅವಕಾಶ ಕೊಡದೆಹೋದದ್ದನ್ನು ನೆನೆದು, ಅವರೂ ಅಲ್ಲಿಗೆ ಸೇರಬೇಕೆಂದು ಅವನು ವೇದಿಕೆಯಿಂದಲೇ ಕೇಳಿಕೊಂಡಿದ್ದ.

ಆದರೂ ಅಂಕಿಗಳ ಪುಸ್ತಕ ಬಗ್ಗಲಿಲ್ಲ. ಯಾವ ಯಾವ ಲೀಗ್‌ಗಳನ್ನು ಮೇಜರ್ ಎನ್ನಬೇಕೆಂದು 1969ರಲ್ಲಿ ಒಂದು ಸಮಿತಿ ಕೂತು ಆರು ಲೀಗ್‌ಗಳನ್ನು ಒಪ್ಪಿತು. 1884ರಲ್ಲಿ ಒಂದೇ ವರ್ಷ ಬದುಕಿ, ನಡುವೆಯೇ ತಂಡಗಳು ಕುಸಿದುಬಿದ್ದ ಯೂನಿಯನ್ ಅಸೋಸಿಯೇಷನ್ ಅವುಗಳಲ್ಲಿ ಒಂದು. ನೀಗ್ರೊ ಲೀಗ್‌ಗಳನ್ನು ಆ ಸಮಿತಿ ತಿರಸ್ಕರಿಸಲೂ ಇಲ್ಲ. ಪರಿಶೀಲಿಸುವ ಯೋಚನೆಯೇ ಅದಕ್ಕೆ ಬರಲಿಲ್ಲ. 2020ರ ಡಿಸೆಂಬರ್‌ನಲ್ಲಿ 1920ರಿಂದ 1948ರವರೆಗಿನ ಏಳು ಕಪ್ಪು ಲೀಗ್‌ಗಳಿಗೆ ಆ ಸ್ಥಾನ ದೊರೆಯಿತು. ಇತಿಹಾಸಕಾರ ಜಾನ್ ಥಾರ್ನ್ ನೇತೃತ್ವದ ಸಮಿತಿ ಮೂರೂವರೆ ವರ್ಷ ಶ್ರಮಿಸಿ 2,300ಕ್ಕೂ ಹೆಚ್ಚು ಆಟಗಾರರ ಅಂಕಿಗಳನ್ನು ಸೇರಿಸಿತು. ಅದಕ್ಕೂ ಮುನ್ನ ದಶಕಗಳ ಕಾಲ ಲ್ಯಾರಿ ಲೆಸ್ಟರ್, ಗ್ಯಾರಿ ಆಶ್‌ವಿಲ್ ಅವರಂಥ ಸಂಶೋಧಕರು ಹಳೆಯ ಕಪ್ಪು ಪತ್ರಿಕೆಗಳಿಂದ ಸ್ಕೋರ್ ಪಟ್ಟಿಗಳನ್ನು ಹೆಕ್ಕಿ ತೆಗೆಯದಿದ್ದರೆ ಸೇರಿಸಲು ಏನೂ ಇರುತ್ತಿರಲಿಲ್ಲ.

ಆಕ್ಷೇಪಗಳನ್ನು ಪ್ರಾಮಾಣಿಕವಾಗಿ ಎದುರಿಸಬೇಕು. ಕಾಬ್ ಹನ್ನೊಂದು ಸಾವಿರಕ್ಕೂ ಹೆಚ್ಚು ಸರದಿಗಳಲ್ಲಿ ತನ್ನ ಸರಾಸರಿಯನ್ನು ಕಾಯ್ದುಕೊಂಡ. ಗಿಬ್ಸನ್‌ಗೆ ಲೆಕ್ಕಕ್ಕೆ ಸಿಕ್ಕಿರುವುದು ಎರಡು ಸಾವಿರಕ್ಕಿಂತ ಸ್ವಲ್ಪ ಹೆಚ್ಚು. 1943ರ 0.466 ಸುಮಾರು 250 ಸರದಿಗಳ ಫಲ. ಕಡಿಮೆ ಪಂದ್ಯಗಳಲ್ಲಿ ಸರಾಸರಿ ಹೆಚ್ಚು ಏರಬಹುದು, ಇಳಿಯಲೂಬಹುದು. ಇದು ನಿಜ. ಆದರೆ 2020ರಲ್ಲಿ ಕೋವಿಡ್ ಕಾರಣಕ್ಕೆ ಮೇಜರ್ ಲೀಗ್ ಅರವತ್ತೇ ಪಂದ್ಯಗಳನ್ನಾಡಿತು. ಆ ವರ್ಷದ ಸರಾಸರಿಗಳನ್ನು ಯಾರೂ ಪುಸ್ತಕದಿಂದ ಹೊರಗಿಡಲಿಲ್ಲ. ರೋಗದಿಂದ ಮೊಟಕಾದ ಋತು ಸಲ್ಲುವುದಾದರೆ, ಬಹಿಷ್ಕಾರದಿಂದ ಮೊಟಕಾದ ಋತು ಏಕೆ ಸಲ್ಲಬಾರದು?

ಗಿಬ್ಸನ್ ಎದುರಿಸಿದ ಪಿಚರ್‌ಗಳೆಲ್ಲ ಒಂದೇ ಮಟ್ಟದವರಾಗಿರಲಿಲ್ಲ ಎಂಬುದು ಎರಡನೆಯ ಆಕ್ಷೇಪ. ಇದರಲ್ಲೂ ತಿರುಳಿದೆ. ಆದರೆ ಪ್ರಶ್ನೆಯನ್ನು ಎರಡೂ ಕಡೆಗೆ ಕೇಳಬೇಕಲ್ಲ? ಕಾಬ್ ತನ್ನ 0.367ನ್ನು ಗಳಿಸಿದ್ದು, ರೂತ್ ತನ್ನ 714ನ್ನು ಹೊಡೆದದ್ದು ಒಬ್ಬ ಕಪ್ಪು ಪಿಚರ್‌ನನ್ನೂ ಒಳಗೆ ಬಿಡದ ಬೇಲಿಯೊಳಗೆ. ಅವರ ಲೀಗ್ ಪಂದ್ಯಗಳಲ್ಲಿ ಸ್ಯಾಚೆಲ್ ಪೇಜ್‌ನ ಎಸೆತ ಅವರಿಗೆ ಎಂದೂ ಬರಲಿಲ್ಲ. ಆ ಪೇಜ್ ತನ್ನ ನಲವತ್ತೆರಡರ ವಯಸ್ಸಿನಲ್ಲಿ, 1948ರಲ್ಲಿ, ಮೊದಲ ಬಾರಿಗೆ ಮೇಜರ್ ಲೀಗ್‌ನಲ್ಲಿ ಎಸೆದಾಗಲೂ ಆಟಗಾರರು ತಡಬಡಾಯಿಸಿದರು. ಬೇಲಿ ಹಾಕಿದರೆ ಒಳಗಿನವರ ಅಂಕಿಗೂ ಅದರ ನೆರಳು ಬೀಳುತ್ತದೆ. ಕಾಬ್, ರೂತ್ ಇಬ್ಬರ ಪ್ರತಿಭೆಯನ್ನೂ ಇದು ಕುಗ್ಗಿಸುವುದಿಲ್ಲ. ಅವರ ಅಂಕಿಗಳು ಪರಿಶುದ್ಧ, ಗಿಬ್ಸನ್‌ನದು ಮಾತ್ರ ಸಂದೇಹಾಸ್ಪದ ಎಂಬ ಮಾತನ್ನು ಅಳಿಸಿಹಾಕುತ್ತದೆ.

ಮೂರನೆಯ ಆಕ್ಷೇಪ ಅತ್ಯಂತ ಗಂಭೀರವಾದದ್ದು. ಸಮಿತಿಯೇ ಅಂದಾಜಿಸಿದಂತೆ ಆ ಲೀಗ್‌ಗಳ ಪಂದ್ಯಗಳಲ್ಲಿ ಮುಕ್ಕಾಲು ಪಾಲಿನ ವಿವರ ಮಾತ್ರ ದೊರೆತಿದೆ. ಉಳಿದದ್ದು ಸಿಕ್ಕಂತೆ 0.372 ಎಂಬುದು ಒಂದಿಷ್ಟು ಏರಬಹುದು, ಇಳಿಯಬಹುದು. ಕಾಬ್‌ನ ಕೆಳಗೂ ಹೋಗಬಹುದು. ಹೋದರೆ ಹೋಗಲಿ. ಗಿಬ್ಸನ್ ಮೊದಲನೆಯವನೋ ಎರಡನೆಯವನೋ ಎಂಬುದಕ್ಕಿಂತ, ಅವನೂ ಕಾಬ್‌ನೂ ಒಂದೇ ಪಟ್ಟಿಯಲ್ಲಿ ನಿಂತು ಹೋಲಿಕೆಗೆ ಸಿಗುತ್ತಾರೆ ಎಂಬುದು ದೊಡ್ಡದು. ಅದೇ ಪಟ್ಟಿಯ ಮೂರನೆಯ ಸ್ಥಾನದಲ್ಲಿ ಕ್ರಾಫರ್ಡ್ಸ್‌ನ ಆಸ್ಕರ್ ಚಾರ್ಲ್ಸ್‌ಟನ್ 0.363ರೊಂದಿಗೆ ಕಾಣಿಸಿಕೊಂಡಿದ್ದಾನೆ. ಅವನ ಹೆಸರನ್ನು ಎಷ್ಟು ಮಂದಿ ಕೇಳಿದ್ದರು?

ಸಂಸ್ಥೆಗಳು ಇಂಥ ತಿದ್ದುಪಡಿಯಿಂದ ತಮ್ಮ ಹೊಣೆ ಮುಗಿಯಿತೆಂದು ಭಾವಿಸುವ ಅಪಾಯ ಖಂಡಿತ ಇದೆ. ಪಟ್ಟಿಯಲ್ಲಿ ಹೆಸರು ಸೇರಿದ ಮಾತ್ರಕ್ಕೆ ಗಿಬ್ಸನ್‌ಗೆ ಸಿಗದ ಸಂಬಳ ಸಿಗುವುದಿಲ್ಲ, ಬರದ ಉತ್ತರ ಬರುವುದಿಲ್ಲ, ಗೋರಿಯ ಮೇಲೆ ಕಲ್ಲಿಲ್ಲದ ಇಪ್ಪತ್ತೆಂಟು ವರ್ಷ ಮರಳುವುದಿಲ್ಲ. ದಾಖಲೆ ನ್ಯಾಯವಲ್ಲ. ಆದರೆ ದಾಖಲೆಯೂ ಇಲ್ಲದಿದ್ದರೆ ಅನ್ಯಾಯ ನಡೆಯಿತೆಂದು ಹೇಳುವುದಕ್ಕೆ ನಮ್ಮ ಕೈಯಲ್ಲಿ ಏನೂ ಉಳಿಯುವುದಿಲ್ಲ. ಕಪ್ಪು ವಾರಪತ್ರಿಕೆಗಳ ಸ್ಕೋರ್ ಪಟ್ಟಿಗಳನ್ನು ಅಂದು ಬರೆದವರಿಗೆ ತಾವು ಸಾಕ್ಷ್ಯ ಕೂಡಿಡುತ್ತಿದ್ದೇವೆ ಎಂದು ಅನ್ನಿಸಿರಲಿಕ್ಕಿಲ್ಲ. ಆ ವಾರದ ಪಂದ್ಯದಲ್ಲಿ ಗಿಬ್ಸನ್ ನಾಲ್ಕು ಸರದಿಗಳಲ್ಲಿ ಎಷ್ಟು ಹೊಡೆದ ಎಂದು ಅವರು ಸುಮ್ಮನೆ ಬರೆದಿಟ್ಟರು. ಕೊನೆಗೆ ಅವನ ಪರವಾಗಿ ಮಾತನಾಡಿದ್ದು ಆ ಸಣ್ಣ ಅಕ್ಷರದ ಸಾಲುಗಳೇ.